ಸ್ಯೂಡೊನಿಮ್ ಮತ್ತು ಕಾವ್ಯನಾಮ

ಹೆತ್ತವರು ಇಟ್ಟ ಹೆಸರನ್ನು ಬಿಟ್ಟು, ಬರೆಹಕ್ಕೆಂದೋ ಕಲೆಗೆಂದೋ ಒಬ್ಬರು ಇಟ್ಟುಕೊಂಡ ಇನ್ನೊಂದು ಹೆಸರಿಗೆ ಇಂಗ್ಲಿಷಿನಲ್ಲಿ ಸ್ಯೂಡೊನಿಮ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಕಾವ್ಯನಾಮ ಎಂಬ ಮಾತು ನೆಲೆಯಾಗಿದೆ. ಸಂದರ್ಭ ನೋಡಿಕೊಂಡು ಅಂಕಿತನಾಮ, ಗುಪ್ತನಾಮ, ಕಲ್ಪಿತನಾಮ ಎಂದೂ ಹೇಳುವುದುಂಟು. ಇಂಗ್ಲಿಷ್ ಪದವನ್ನು ಬಿಡಿಸಿದರೆ ಸಿಗುವ ಅರ್ಥ ‘ಸುಳ್ಳು ಹೆಸರು’. ಕನ್ನಡ ಪದವನ್ನು ಎಷ್ಟು ಬಿಡಿಸಿದರೂ ಅದರೊಳಗೆ ಸುಳ್ಳು ಸಿಗುವುದಿಲ್ಲ. ಬೆಂಗಳೂರಿನ ಮಾವಳ್ಳಿ, ಬಸವನಗುಡಿ, ಚಾಮರಾಜಪೇಟೆಗಳ ಆಸುಪಾಸಿನಲ್ಲಿ ಓಡಾಡಿದ ಹೆಸರುಗಳನ್ನು ಮುಂದಿಟ್ಟುಕೊಂಡು ನೋಡಿದರೆ ಇದು ಬರೀ ಅನುವಾದದ ವ್ಯತ್ಯಾಸವಲ್ಲ, ಹೆಸರನ್ನು ಕುರಿತ ಎರಡು ಬೇರೆ ಬೇರೆ ತಿಳಿವಳಿಕೆ ಎಂಬುದು ಗೊತ್ತಾಗುತ್ತದೆ.

ಪದದ ಹುಟ್ಟು

ಮೂಲ ಗ್ರೀಕ್. ‘ಪ್ಸ್ಯೂಡೆಸ್’ ಎಂದರೆ ಸುಳ್ಳಾದದ್ದು. ‘ಓನೊಮ’ ಎಂದರೆ ಹೆಸರು, ಅದರ ಪ್ರಾದೇಶಿಕ ರೂಪ ‘ಓನಿಮ’. ಎರಡೂ ಕೂಡಿ ಆದ ಪದ ಫ್ರೆಂಚಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ದಾಟಿತು. ‘ಸ್ಯೂಡೊನಿಮಸ್’ ಎಂಬ ವಿಶೇಷಣ 18ನೇ ಶತಮಾನದ ಆರಂಭದಿಂದಲೇ ಇಂಗ್ಲಿಷಿನಲ್ಲಿದೆ. ‘ಸ್ಯೂಡೊನಿಮ್’ ಎಂಬ ನಾಮಪದ ಬಳಕೆಗೆ ಬಂದದ್ದು 19ನೇ ಶತಮಾನದ ಮೊದಲ ದಶಕಗಳಲ್ಲಿ. ಇಂಗ್ಲಿಷರು ಮೊದಲಕ್ಷರ ‘ಪ’ಕಾರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಸೈಕಾಲಜಿಯಲ್ಲಿ ಆಗುವುದೂ ಇದೇ. ಇಂಗ್ಲಿಷಿನಲ್ಲಿ ಇದೇ ಅರ್ಥಕ್ಕೆ ಓಡಾಡುವ ‘ನಾಮ್ ದ ಪ್ಲೂಮ್’ ಎಂಬುದು ನೋಡಲು ಫ್ರೆಂಚ್, ಹುಟ್ಟಿದ್ದು ಇಂಗ್ಲಿಷರ ಬಾಯಲ್ಲಿ. ಫ್ರೆಂಚರು ಹೇಳುತ್ತಿದ್ದುದು ‘ನಾಮ್ ದ ಗೆರ್’, ಅಂದರೆ ಯುದ್ಧದ ಹೆಸರು. ಸುಳ್ಳು ಹೆಸರಿಗೆ ಇಟ್ಟ ಹೆಸರೇ ಸುಳ್ಳು ಫ್ರೆಂಚ್!

‘ಸ್ಯೂಡೊ’ ಎಂಬ ಪೂರ್ವಪ್ರತ್ಯಯಕ್ಕೆ ಇದಕ್ಕಿಂತ ಹಳೆಯ ಚರಿತ್ರೆಯಿದೆ. 14ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಧಾರ್ಮಿಕ ಜಗಳಗಳಲ್ಲಿ ಅದು ಒಂಟಿಯಾಗಿ, ಕಪಟ ಪಾದ್ರಿಗಳನ್ನು ಬೈಯುವ ಮಾತಾಗಿ ಬಳಕೆಯಾಗುತ್ತಿತ್ತು. ಆಮೇಲೆ ಸಸ್ಯವಿಜ್ಞಾನಿಗಳು ಅದನ್ನು ಎತ್ತಿಕೊಂಡು ಬೈಗುಳದ ಕಾವನ್ನು ಇಳಿಸಿದರು. ನೋಡಲು ಅಕೇಶಿಯದಂತಿದ್ದೂ ಅಕೇಶಿಯವಲ್ಲದ ಒಂದು ಮರಕ್ಕೆ ಲಿನೇಯಸ್ ‘ಸ್ಯೂಡೊಅಕೇಶಿಯ’ ಎಂಬ ಜಾತಿಸೂಚಕ ಕೊಟ್ಟ. ಮಾವಳ್ಳಿಯ ಮಗ್ಗುಲಲ್ಲೇ ಇರುವ ಲಾಲ್‌ಬಾಗಿಗೆ ಬಂದವರಿಗೆ ಈ ಬಗೆಯ ಹುಸಿತನಕ್ಕೆ ಮರದ ನಿದರ್ಶನವೇ ಸಿಗುತ್ತದೆ. ಬೆಂಗಳೂರಿನ ಕಾಂಪೌಂಡುಗಳ ಉದ್ದಕ್ಕೂ ಕಂಬದ ಹಾಗೆ ನೆಟ್ಟಗೆ ನಿಂತ, ಎಲ್ಲರೂ ‘ಅಶೋಕ’ ಎನ್ನುವ ಮರ ನಿಜವಾದ ಅಶೋಕವಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ‘ಹುಸಿ ಅಶೋಕ’ ಎಂಬರ್ಥದ ಹೆಸರೇ ಇದೆ. ಸೀತೆಯ ಕಥೆಯ ಅಶೋಕ ಬೇರೆ, ಅದು ಕೆಂಪು ಕಿತ್ತಳೆ ಬಣ್ಣದ ಹೂಗೊಂಚಲು ಬಿಡುವ ಮರ. ಕಂಬದ ಮರ ಯಾರನ್ನೂ ಮೋಸ ಮಾಡಲು ಹೊರಟದ್ದಲ್ಲ. ತಪ್ಪು ಹೆಸರು ಹಿಡಿದವರು ನಾವು.

ಇನ್ನು ‘ಓನಿಮ’. ಗ್ರೀಕಿನ ‘ಓನೊಮ’, ಲ್ಯಾಟಿನ್ನಿನ ‘ನೋಮೆನ್’, ಇಂಗ್ಲಿಷಿನ ‘ನೇಮ್’, ಪಾರಸಿಯ ‘ನಾಮ್’, ಸಂಸ್ಕೃತದ ‘ನಾಮನ್’ ಇವೆಲ್ಲ ಒಂದೇ ಬೇರಿನ ಕುಡಿಗಳು. ಹಾಗಾಗಿ ಸ್ಯೂಡೊನಿಮ್‌ನ ಅರ್ಧ ಭಾಗವೂ ಕಾವ್ಯನಾಮದ ಅರ್ಧ ಭಾಗವೂ ದಾಯಾದಿಗಳು. ಬೇರೆಯಾಗಿರುವುದು ಮುಂದಿನ ಅರ್ಧ ಮಾತ್ರ. ಇದೇ ಕುಲದ ಮೂರನೆಯ ಪದವೊಂದು ಸಬ್‌ರಿಜಿಸ್ಟ್ರಾರ್ ಕಚೇರಿಯ ದಾರಿಯಿಂದ ಕನ್ನಡಕ್ಕೆ ಬಂದು ಕೂತಿದೆ: ಬೇನಾಮಿ. ಪಾರಸಿಯಲ್ಲಿ ಇದರರ್ಥ ‘ಹೆಸರಿಲ್ಲದ್ದು’. ದುಡ್ಡು ಒಬ್ಬರದು, ಕ್ರಯಪತ್ರದ ಮೇಲಿನ ಹೆಸರು ಇನ್ನೊಬ್ಬರದು. ಇದನ್ನು ತಡೆಯಲೆಂದು 1988ರಲ್ಲಿ ಕೇಂದ್ರದ ಕಾಯಿದೆಯೂ ಬಂತು. ಸ್ಯೂಡೊನಿಮ್ ಎಂಬ ಪದದ ಅಕ್ಷರಾರ್ಥಕ್ಕೆ ನಮ್ಮಲ್ಲಿ ಒಂದು ಜೋಡಿ ಹುಡುಕಬೇಕಾದರೆ ಕವಿಗಳ ನಡುವೆ ಹುಡುಕುವುದಕ್ಕಿಂತ ಸೈಟುಗಳ ನಡುವೆ ಹುಡುಕುವುದು ಲೇಸು.

ಹುಸಿ, ಕಳ್ಳ, ಖೋಟಾ, ನಕಲಿ

ಇಂಗ್ಲಿಷ್ ಒಂದೇ ‘ಸ್ಯೂಡೊ’ದಲ್ಲಿ ಮುಗಿಸುವ ಕೆಲಸಕ್ಕೆ ಕನ್ನಡ ಹಲವು ಮಾತುಗಳನ್ನು ಇಟ್ಟುಕೊಂಡಿದೆ, ಒಂದರ ಜಾಗದಲ್ಲಿ ಇನ್ನೊಂದು ಹೊಂದುವುದಿಲ್ಲ. ‘ಹುಸಿ’ ಅಚ್ಚಕನ್ನಡ, ಹಳಗನ್ನಡದಲ್ಲಿ ‘ಪುಸಿ’, ತಮಿಳಿನ ‘ಪೊಯ್’ ಇದರ ನೆಂಟ. (ಗ್ರೀಕಿನ ‘ಪ್ಸ್ಯೂ’ಗೂ ಕನ್ನಡದ ‘ಪುಸಿ’ಗೂ ಇರುವ ಹೋಲಿಕೆ ಕಾಕತಾಳೀಯ. ಇದರ ಮೇಲೆ ಸಿದ್ಧಾಂತ ಕಟ್ಟಲು ಹೊರಡಬಾರದು.) ಸುಳ್ಳೆಂಬ ಅರ್ಥವಿದ್ದರೂ ಸಮಾಸದ ಮೊದಲಿಗೆ ಬಂದಾಗ ‘ಹುಸಿ’ ಮೆದುವಾಗುತ್ತದೆ. ಹುಸಿಮುನಿಸು, ಹುಸಿಕೋಪ, ಹುಸಿನಗೆ ಇವುಗಳಲ್ಲಿ ಮೋಸಕ್ಕಿಂತ ಸಲಿಗೆಯೇ ಹೆಚ್ಚು. ‘ಕಳ್ಳ’ ಹಾಗಲ್ಲ, ಅದು ಕದ್ದು ಮಾಡುವುದನ್ನು ಹೇಳುತ್ತದೆ: ಕಳ್ಳಬಟ್ಟಿ, ಕಳ್ಳದಾರಿ, ಕಳ್ಳಸಹಿ. ಅದರಲ್ಲೂ ಕಳ್ಳನಿದ್ದೆ ಮಕ್ಕಳದು. ಕಳ್ಳನೋಟ ಪ್ರೇಮಿಗಳದು, ಕೊನೆಗೊಂದು ಉಕಾರ ಸೇರಿದರೆ ಕಳ್ಳನೋಟು, ಪೊಲೀಸರ ಕೆಲಸ. ಆ ನೋಟಿಗೇ ಪತ್ರಿಕೆಯ ಭಾಷೆಯಲ್ಲಿ ‘ಖೋಟಾ’. ವೈದ್ಯ, ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳು ‘ನಕಲಿ’. ಸ್ವಾಮಿಗಳು, ಸಮಾಜಸೇವಕರು, ರಾಜಕಾರಣಿಗಳ ತತ್ತ್ವಗಳು ‘ಢೋಂಗಿ’. ಪಠ್ಯಪುಸ್ತಕದ ಅಮೀಬಕ್ಕೆ ಮಾತ್ರ ಸಂಸ್ಕೃತದ ಗೌರವ: ‘ಮಿಥ್ಯಾಪಾದ’.

‘ಹುಸಿವಿಜ್ಞಾನ’ ಎಂಬ ಮಾತಿನ ಹಿಂದಿರುವ ವಿಚಾರಕ್ಕೆ ಬಸವನಗುಡಿಯಲ್ಲಿ ಗಟ್ಟಿ ನೆಲೆಯೊಂದು ಸಿಕ್ಕಿತು. ಇಂಗ್ಲಿಷಿನಲ್ಲಿ ಆ ಪದ ಕಾಣಿಸಿಕೊಂಡದ್ದು 18ನೇ ಶತಮಾನದ ಕೊನೆಗೆ, ಲೋಹವನ್ನು ಚಿನ್ನ ಮಾಡುವ ರಸವಾದವನ್ನು ಕುರಿತು. ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು (1920–2005) 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿಯೊಂದನ್ನು ನೇಮಿಸಿ ದೊಡ್ಡ ಚರ್ಚೆಗೆ ಕಾರಣರಾದರು. ಅವರ ಪ್ರಶ್ನೆಯೂ ಒಂದರ್ಥದಲ್ಲಿ ಹೆಸರಿನದೇ: ವಿಜ್ಞಾನವೆಂದು ಕರೆದುಕೊಳ್ಳುವುದೆಲ್ಲ ವಿಜ್ಞಾನವೇ?

ಇಷ್ಟು ಮಾತುಗಳು ಕೈಯಲ್ಲಿದ್ದೂ ಕನ್ನಡಿಗರು ಲೇಖಕನ ಎರಡನೆಯ ಹೆಸರಿಗೆ ಇವುಗಳಲ್ಲಿ ಯಾವುದನ್ನೂ ಹಚ್ಚಲಿಲ್ಲ. ‘ಸುಳ್ಳು ಹೆಸರು’ ಎಂಬುದು ಪೊಲೀಸ್ ಠಾಣೆಯಲ್ಲಿ ಕೊಡುವಂಥದ್ದು. ಲೇಖಕರಿಗೆ ಬಂದದ್ದು ‘ಕಾವ್ಯನಾಮ’. ಒಂದು ಸಾಲು ಪದ್ಯ ಬರೆಯದ ಕಾದಂಬರಿಕಾರನಿಗೂ ಕಾವ್ಯನಾಮವೇ, ಏಕೆಂದರೆ ನಮ್ಮ ಹಿಂದಿನವರ ಎಣಿಕೆಯಲ್ಲಿ ಗದ್ಯವೂ ಕಾವ್ಯವೇ. ಗುಟ್ಟಾಗಿಡಲೆಂದು ಇಟ್ಟುಕೊಂಡದ್ದು ಎನ್ನೋಣವೆಂದರೆ ಶಾಲೆಯ ಪ್ರಶ್ನೆಪತ್ರಿಕೆ ನಗುತ್ತದೆ. ‘ಹೊಂದಿಸಿ ಬರೆಯಿರಿ’ ಎಂಬ ಪ್ರಶ್ನೆಯಲ್ಲಿ ಎಡಕ್ಕೆ ಕವಿಗಳು, ಬಲಕ್ಕೆ ಕಾವ್ಯನಾಮಗಳು. ಕೆಪಿಎಸ್‌ಸಿ ಪರೀಕ್ಷೆಯ ಗೈಡುಗಳಲ್ಲಿ ಇದಕ್ಕೆ ಪುಟಗಟ್ಟಲೆ ಪಟ್ಟಿ. ಮರೆಮಾಚುವ ಹೆಸರನ್ನು ನಾಡಿನ ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸುವುದು ಎಲ್ಲಾದರೂ ಉಂಟೆ?

ಅಂಕಿತ

ಇದರ ಬೇರು ಹಳೆಯದು. 12ನೇ ಶತಮಾನದ ವಚನಕಾರರು ತಮ್ಮ ಹೆಸರಿನ ಬದಲು ಇಷ್ಟದೈವದ ಹೆಸರನ್ನು ವಚನದ ಕೊನೆಯಲ್ಲಿ ಇರಿಸಿದರು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮನದು ಗುಹೇಶ್ವರ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಯಾವ ವಚನ ಯಾರದು ಎಂದು ಇಂದು ಗುರುತಿಸುವುದು ಬಹುಮಟ್ಟಿಗೆ ಈ ಅಂಕಿತಗಳಿಂದ. ಹೇಳಿದವರ ಹೆಸರೇ ಇಲ್ಲ, ಆದರೂ ಹೇಳಿದವರು ಯಾರೆಂಬುದು ಗೊತ್ತು. ಇದಕ್ಕೆ ಗ್ರೀಕ್ ಪದಕೋಶದಲ್ಲಿ ಖಾನೆಯಿಲ್ಲ. ಅಂಬಿಗರ ಚೌಡಯ್ಯ ಮಾತ್ರ ದೈವದ ಹೆಸರಿನ ತಂಟೆಗೇ ಹೋಗದೆ ತನ್ನ ಹೆಸರನ್ನೇ, ಕಸುಬು ಸಮೇತ, ಅಂಕಿತವಾಗಿ ಒತ್ತಿದ. ಅವನ ವಚನಗಳ ಖಡಕ್ಕುತನಕ್ಕೆ ಅದೇ ತಕ್ಕ ಸಹಿ.

ಹರಿದಾಸರಲ್ಲಿ ಅಂಕಿತವೆಂಬುದು ಗುರು ಕೊಡುವ ದೀಕ್ಷೆ. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಹೀಗೆ ಪರಂಪರೆ ಸಾಗುತ್ತದೆ. ಅಂಕಿತ ಸಿಕ್ಕ ಮೇಲೆಯೇ ಆತ ದಾಸ. ಅಂದರೆ ಈ ಹೆಸರು ಅವನಿಗೆ ಮನೆಯವರಿಟ್ಟ ಹೆಸರಿಗಿಂತ ಹೆಚ್ಚು ನಿಜ. ಕರ್ನಾಟಕ ಸಂಗೀತದಲ್ಲಿ ಇದೇ ‘ಮುದ್ರೆ’ಯಾಗಿ ಮುಂದುವರಿಯಿತು. ಮೈಸೂರು ವಾಸುದೇವಾಚಾರ್ಯರ ಮುದ್ರೆ ‘ವಾಸುದೇವ’, ಜಯಚಾಮರಾಜ ಒಡೆಯರದು ‘ಶ್ರೀವಿದ್ಯಾ’. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಕಚೇರಿಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಗಾಯಕರು ಚರಣಕ್ಕೆ ಬಂದು ಮುದ್ರೆಯಿರುವ ಸಾಲನ್ನು ಹಾಡುತ್ತಿದ್ದಂತೆ ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರ ಕಡೆ ತಿರುಗಿ ತಲೆಯಾಡಿಸುತ್ತಾರೆ. ಯಾರ ಕೃತಿ ಎಂದು ಅಲ್ಲಿಯವರೆಗೆ ಇಬ್ಬರಿಗೂ ಅನುಮಾನವಿದ್ದಿರಬೇಕು.

ಅಂಕಿತವನ್ನು ಕದಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಇತ್ತೀಚಿನ ಉದಾಹರಣೆಯಿದೆ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ದ ಜಾಗಕ್ಕೆ ‘ಲಿಂಗದೇವ’ ಎಂದು ಹಾಕಿದಾಗ ಭಕ್ತರು ಕೆರಳಿದರು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಎಂಟುನೂರು ವರ್ಷದ ಹಿಂದಿನ ಒಂದು ಸಹಿ ದೆಹಲಿಯ ನ್ಯಾಯಾಲಯದವರೆಗೆ ಹೋಯಿತು. ಸುಳ್ಳು ಹೆಸರಿಗೆ ಯಾರೂ ಇಷ್ಟು ಹೊಡೆದಾಡುವುದಿಲ್ಲ.

ಕಾವ್ಯಗಳಲ್ಲೂ ಎರಡನೆಯ ಹೆಸರುಗಳಿದ್ದವು. ಗದುಗಿನ ನಾರಣಪ್ಪ ‘ಕುಮಾರವ್ಯಾಸ’ನಾದ, ತಾನು ವ್ಯಾಸನ ಮಗನೆಂಬುದು ಮರೆಯಾಗುವ ಮಾತಲ್ಲ, ಹಕ್ಕುಸ್ಥಾಪನೆಯ ಮಾತು. ಹೊಸಗನ್ನಡದ ಹೊಸಿಲಲ್ಲಿ ನಿಂತ ಮುದ್ದಣನದು (1870–1901) ಇನ್ನೂ ಸ್ವಾರಸ್ಯದ ಪ್ರಸಂಗ. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ, ತನ್ನ ಕೃತಿಗಳನ್ನು ಯಾರೋ ಹಿಂದಿನ ಕವಿಯ ಹಸ್ತಪ್ರತಿಯೆಂಬಂತೆ ಮೈಸೂರಿನ ಪ್ರಕಾಶಕರಿಗೆ ಕಳಿಸಿದ. ವಿದ್ವಾಂಸರೂ ನಂಬಿದರು. ಗಮನಿಸಬೇಕಾದ್ದೇನೆಂದರೆ ಹೆಸರಿನಲ್ಲಿ ಸುಳ್ಳಿರಲಿಲ್ಲ. ಮುದ್ದಣ ಎಂಬುದು ಮನೆಯಲ್ಲಿ ಮುದ್ದಿಗೆ ಕರೆಯುತ್ತಿದ್ದ ಹೆಸರೇ ಎನ್ನುತ್ತಾರೆ. ಸುಳ್ಳಿದ್ದದ್ದು ತೇದಿಯಲ್ಲಿ. ಹೆಸರಿನ ಬದಲು ಕಾಲದ ಹಿಂದೆ ಅಡಗಿಕೊಂಡ ಲೇಖಕ ಕನ್ನಡದಲ್ಲಿ ಇನ್ನೊಬ್ಬನಿಲ್ಲವೆಂದೇ ಹೇಳಬಹುದು.

ಬಸವನಗುಡಿಯ ಹೆಸರುಗಳು

ಮಾವಳ್ಳಿಯಿಂದ ಲಾಲ್‌ಬಾಗಿನ ಪಕ್ಕ ಹಿಡಿದು ಹೊರಟು ಗಾಂಧಿಬಜಾರು, ಗವಿಪುರ, ಎನ್.ಆರ್. ಕಾಲೊನಿ ಸುತ್ತಿ ಚಾಮರಾಜಪೇಟೆ ಮುಟ್ಟಿದರೆ, 20ನೇ ಶತಮಾನದ ಕನ್ನಡ ಸಾಹಿತ್ಯದ ಒಂದು ದೊಡ್ಡ ಪಾಲು ನಡೆದಾಡಿದ ದಾರಿಯಲ್ಲಿ ನಡೆದಂತೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿ. ಡಿ.ವಿ. ಗುಂಡಪ್ಪನವರು 1945ರಲ್ಲಿ ನೆಲೆಗೊಳಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬುಲ್ ಟೆಂಪಲ್ ರಸ್ತೆಯಲ್ಲಿ, ಬಿ.ಎಂ.ಶ್ರೀ ಪ್ರತಿಷ್ಠಾನ ಎನ್.ಆರ್. ಕಾಲೊನಿಯಲ್ಲಿ. ಗಾಂಧಿಬಜಾರಿನ ಪುಸ್ತಕದಂಗಡಿಯೊಂದರ ಹೆಸರೇ ‘ಅಂಕಿತ’.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ (1891–1986) ಮನೆ ಗವಿಪುರದಲ್ಲಿ. 1920ರಲ್ಲಿ ‘ಕೆಲವು ಸಣ್ಣ ಕತೆಗಳು’ ಪ್ರಕಟಿಸಿ ಕನ್ನಡ ಸಣ್ಣಕತೆಗೆ ದಾರಿ ಹಾಕಿದವರು, ಮುಂದೆ ‘ಚಿಕವೀರ ರಾಜೇಂದ್ರ’ಕ್ಕೆ 1983ರ ಜ್ಞಾನಪೀಠ ಪಡೆದವರು. ಅವರ ಕಾವ್ಯನಾಮ ‘ಶ್ರೀನಿವಾಸ’. ಇದನ್ನು ಒಂದು ಗಳಿಗೆ ನಿಂತು ನೋಡಬೇಕು. ತಿರುಪತಿಯ ದೇವರಿಗೆ ವೆಂಕಟೇಶ ಎಂದರೂ ಶ್ರೀನಿವಾಸ ಎಂದರೂ ಒಂದೇ. ಮಾಸ್ತಿಯವರು ತಮ್ಮ ಹೆಸರನ್ನು ಬಚ್ಚಿಡಲಿಲ್ಲ, ಅದರ ಪರ್ಯಾಯಪದವನ್ನು ಬರೆದರು. ಮೇಲಾಗಿ ಜನ ಅವರನ್ನು ಕರೆದದ್ದು ವೆಂಕಟೇಶ ಎಂದೂ ಅಲ್ಲ, ಶ್ರೀನಿವಾಸ ಎಂದೂ ಅಲ್ಲ. ಮಾಲೂರು ತಾಲ್ಲೂಕಿನ ಒಂದು ಊರಿನ ಹೆಸರಿನಿಂದ. ‘ಮಾಸ್ತಿ ಕನ್ನಡದ ಆಸ್ತಿ’ ಎಂಬ ಮಾತು ಹುಟ್ಟಿಕೊಳ್ಳುವಷ್ಟು ಆ ಊರು ಅವರದಾಯಿತು.

ಒಮ್ಮೆ ಈ ಸುಳಿವು ಸಿಕ್ಕಿತೆಂದರೆ ಪಟ್ಟಿಯ ಬಹುಪಾಲು ಬೀಗಗಳು ಇದೇ ಕೀಲಿಗೆ ತೆರೆಯುತ್ತವೆ. ಬೇಂದ್ರೆಯವರ ‘ಅಂಬಿಕಾತನಯದತ್ತ’ದಲ್ಲಿ ತಾಯಿ ಅಂಬಿಕೆಯೂ ಇದ್ದಾಳೆ, ದತ್ತಾತ್ರೇಯನೂ ಇದ್ದಾನೆ. ವಿ.ಕೃ. ಗೋಕಾಕರ ‘ವಿನಾಯಕ’ ಅವರ ಸ್ವಂತ ಹೆಸರೇ. ಆದ್ಯ ರಂಗಾಚಾರ್ಯರು ‘ಶ್ರೀರಂಗ’, ರಂ.ಶ್ರೀ. ಮುಗಳಿಯವರು ‘ರಸಿಕರಂಗ’. ಬೆಟಗೇರಿ ಕೃಷ್ಣಶರ್ಮರು ‘ಆನಂದಕಂದ’, ಅದು ಕೃಷ್ಣನದೇ ಇನ್ನೊಂದು ಹೆಸರು. ಹಲಸಂಗಿಯ ಚೆನ್ನಮಲ್ಲಪ್ಪ ಗಲಗಲಿ ‘ಮಧುರಚೆನ್ನ’. ಜಿ.ಪಿ. ರಾಜರತ್ನಂ ಹೆಂಡಗುಡುಕನೊಬ್ಬನ ಬಾಯಲ್ಲಿ ಪದ ಹಾಡಿಸಿದಾಗಲೂ ಅವನಿಗೆ ಇಟ್ಟ ಹೆಸರು ರತ್ನ. ರಾಜ ಹೋಗಿ ರತ್ನ ಉಳಿದ. ಬೆಂಗಳೂರಿನಲ್ಲಿ ವೈದ್ಯರಾಗಿದ್ದು 1942ರಿಂದ 1967ರವರೆಗೆ ‘ಕೊರವಂಜಿ’ ಹಾಸ್ಯಪತ್ರಿಕೆ ನಡೆಸಿದ ಡಾ. ಎಂ. ಶಿವರಾಂ ‘ರಾಶಿ’ಯಾದರು. ಶಿವರಾಂ ಎಂಬುದರ ಎರಡು ಅಕ್ಷರ ಹಿಂದುಮುಂದಾಗಿ ಅದರಲ್ಲಿ ಕೂತಿವೆ. 25 ವರ್ಷ ರಾಶಿ ರಾಶಿ ನಗೆ ಸುರಿದ ಪತ್ರಿಕೆಯವರಿಗೆ ಹೆಸರೂ ಒಪ್ಪಿತು.

ಮೊದಲಕ್ಷರಗಳ ಹೆಸರುಗಳದು ಇನ್ನೊಂದು ಗುಂಪು, ಕನ್ನಡಕ್ಕೆ ಬಹಳ ಒಗ್ಗಿದ ಗುಂಪು. ಅನಕೃ, ತರಾಸು, ಪುತಿನ, ವಿ.ಸೀ., ತೀನಂಶ್ರೀ, ಹಾಮಾನಾ, ಎಲ್ಲಕ್ಕೂ ಮೇಲೆ ಕುವೆಂಪು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಮೊದಲಿಗೆ ‘ಕಿಶೋರ ಚಂದ್ರವಾಣಿ’ ಎಂಬ ಅಲಂಕಾರದ ಹೆಸರಿಟ್ಟುಕೊಂಡು ಬರೆದರು. ಅದನ್ನು ಬಿಟ್ಟು ಊರು, ತಂದೆ, ತಾನು ಮೂರನ್ನೂ ಒಂದೊಂದು ಅಕ್ಷರಕ್ಕೆ ಇಳಿಸಿದಾಗ ಸಿಕ್ಕಿದ್ದು ಕನ್ನಡದ ಅತಿ ಪ್ರಸಿದ್ಧ ಹೆಸರು. ಈ ರೂಢಿ ಈ ಬಡಾವಣೆಗಳ ಬೋರ್ಡುಗಳ ಮೇಲೂ ಇಳಿದಿದೆ. ಎನ್.ಆರ್. ಕಾಲೊನಿಯಲ್ಲಿ ನರಸಿಂಹರಾಜ, ಕೆ.ಆರ್. ರಸ್ತೆಯಲ್ಲಿ ಕೃಷ್ಣರಾಜೇಂದ್ರ, ಜೆ.ಸಿ. ರಸ್ತೆಯಲ್ಲಿ ಜಯಚಾಮರಾಜೇಂದ್ರ, ವಿ.ವಿ. ಪುರದಲ್ಲಿ ವಿಶ್ವೇಶ್ವರಯ್ಯ, ಯಾರೂ ಪೂರ್ತಿ ಹೇಳುವುದಿಲ್ಲ. ಮಾವಳ್ಳಿಯದೂ ಅದೇ ಗತಿ. ಮಯ್ಯ ಸೋದರರು 1924ರಲ್ಲಿ ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂದು ಶುರುಮಾಡಿದ ಹೋಟೆಲು 1960ರಲ್ಲಿ ಲಾಲ್‌ಬಾಗ್ ರಸ್ತೆಯಲ್ಲಿ ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು, ಆಮೇಲೆ ಎಂಟಿಆರ್. ಇಂದು ಆ ಮೂರಕ್ಷರ ಪ್ಯಾಕೆಟ್ಟುಗಳ ಮೇಲೆ ದೇಶಾಂತರ ಹೋಗಿದೆ. ರವೆ ಇಡ್ಲಿ ಮಿಶ್ರಣ ಕೊಂಡುಹೋಗುವವರಲ್ಲಿ ಎಷ್ಟೋ ಮಂದಿಗೆ ಮೊದಲಕ್ಷರದೊಳಗೆ ಒಂದು ಹಳ್ಳಿ ಕೂತಿರುವುದು ಗೊತ್ತಿಲ್ಲ.

ಹಾಗಾದರೆ ಕನ್ನಡ ಲೇಖಕರು ಬೇರೊಂದು ವ್ಯಕ್ತಿತ್ವವನ್ನೇ ತೊಟ್ಟದ್ದು ಇಲ್ಲವೆ? ಇದೆ. ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ (1943) ಇದಕ್ಕೆ ಒಳ್ಳೆಯ ಉದಾಹರಣೆ. ಪುಸ್ತಕದ ಮೇಲೆ ಲೇಖಕರ ಹೆಸರು ಸ್ಪಷ್ಟವಾಗಿದೆ, ಆದರೆ ಪದ್ಯ ಪದ್ಯಕ್ಕೂ ಕೊನೆಯಲ್ಲಿ ಬಂದು ನಿಲ್ಲುವವನು ಮಂಕುತಿಮ್ಮ. ವಚನಕಾರರ ಅಂಕಿತದ ಜಾಗದಲ್ಲಿ ದೇವರ ಬದಲು ಒಬ್ಬ ಮಂಕನನ್ನು ಕೂರಿಸಿದ್ದು ಡಿವಿಜಿಯವರ ಜಾಣತನ. ಅವರಿಗಿಂತ ಒಂದು ವರ್ಷಕ್ಕೆ ಚಿಕ್ಕವನಾದ ಪೋರ್ಚುಗೀಸ್ ಕವಿ ಫೆರ್ನಾಂದೊ ಪೆಸೊವ (1888–1935) ಹತ್ತಾರು ಕವಿಗಳನ್ನು ಕಲ್ಪಿಸಿ, ಒಬ್ಬೊಬ್ಬನಿಗೂ ಬೇರೆ ಶೈಲಿ, ಬೇರೆ ಜಾತಕ ಕೊಟ್ಟು ಬರೆದ. ಅದಕ್ಕಾಗಿ ‘ಸ್ಯೂಡೊನಿಮ್’ ಸಾಲದೆ ‘ಹೆಟೆರೊನಿಮ್’ ಎಂಬ ಬೇರೆ ಪದವನ್ನೇ ಬಳಸಿದ. ಮಂಕುತಿಮ್ಮನಿಗೆ ಅಷ್ಟು ದೊಡ್ಡ ಸಂಸಾರವಿಲ್ಲ. ಗಾಂಧಿಬಜಾರಿನ ಮನೆಮನೆಯಲ್ಲಿ ಆತನನ್ನು ನೆನೆಯುವವರಿಗೆ ಅವನೂ ಡಿವಿಜಿಯೂ ಬೇರೆಯಲ್ಲ.

ರಾಯಸಂ ಭೀಮಸೇನರಾಯರ (1913–1980) ‘ಬೀಚಿ’ ಕೇಳುವುದಕ್ಕಿಂತ ನೋಡಬೇಕಾದ ಹೆಸರು. ಅವರ ಪುಸ್ತಕಗಳ ರಕ್ಷಾಪುಟದಲ್ಲಿ ಮೊದಲು ಕನ್ನಡದ ‘ಬೀ’, ಅದಕ್ಕಂಟಿಕೊಂಡು ‘ಚಿ’ ಮಾತ್ರ ಮೂರು ಇಂಗ್ಲಿಷ್ ಅಕ್ಷರಗಳಲ್ಲಿ. ಅರ್ಧ ದೇಶಿ, ಅರ್ಧ ಸೀಮೆ. ಕನ್ನಡ ಲಿಪಿಯಲ್ಲೇ ಪೂರ್ತಿ ಬರೆದರೆ, ಇಲ್ಲಿ ಬರೆದಿರುವ ಹಾಗೆ, ಅದರ ಕೀಟಲೆಯೇ ಹೋಗಿಬಿಡುತ್ತದೆ. ಪದಗಳ ಹುಟ್ಟನ್ನು ಹುಡುಕುತ್ತ ‘ಪದಾರ್ಥ ಚಿಂತಾಮಣಿ’ ಬರೆದ ಪಾ.ವೆಂ. ಆಚಾರ್ಯರು (1915–1992) ಹರಟೆಗೆ ಕೂತಾಗ ‘ಲಾಂಗೂಲಾಚಾರ್ಯ’ರಾಗುತ್ತಿದ್ದರು. ಲಾಂಗೂಲವೆಂದರೆ ಬಾಲ. ಆಚಾರ್ಯತ್ವ ಹಾಗೇ ಇತ್ತು, ಬಾಲವೊಂದು ಸೇರಿತ್ತು.

ಮರೆ ನಿಜವಾಗಿ ಬೇಕಾದಾಗ

ಅಡಗಲೇಬೇಕಾದ ಸಂದರ್ಭಗಳೂ ಇದ್ದವು. ನವಾಬ್ ರಾಯ್ ಎಂಬ ಹೆಸರಲ್ಲಿ ಬರೆದ ‘ಸೋಜ್-ಎ-ವತನ್’ (1908) ಬ್ರಿಟಿಷ್ ಸರ್ಕಾರದ ಕಣ್ಣಿಗೆ ಬಿದ್ದು ಜಪ್ತಿಯಾದ ಮೇಲೆ ಧನಪತ್ ರಾಯ್ ‘ಪ್ರೇಮಚಂದ್’ ಆದರು. ಇಂಗ್ಲೆಂಡಿನಲ್ಲಿ ಮೇರಿ ಆನ್ ಇವಾನ್ಸ್ ಗಂಡುಹೆಸರು ಹೊತ್ತು ಜಾರ್ಜ್ ಎಲಿಯಟ್ ಆಗಬೇಕಾಯಿತು. ಕನ್ನಡದ ಲೇಖಕಿಯರು ಗಂಡುಹೆಸರಿಗೆ ಹೋಗಲಿಲ್ಲ. ಅನಸೂಯಾ ಶಂಕರ್ (1928–1963) ‘ತ್ರಿವೇಣಿ’ಯಾದರು, ಬಿ.ಎನ್. ಸುಬ್ಬಮ್ಮ ‘ವಾಣಿ’ಯಾದರು. ಹೆಣ್ಣೆಂಬುದನ್ನು ಮುಚ್ಚಲಿಲ್ಲ, ಯಾರ ಮನೆಯ ಹೆಣ್ಣು ಎಂಬುದಷ್ಟೇ ಮರೆಗೆ ಸರಿಯಿತು.

ಇವರ ಪೈಕಿ ‘ವೈದೇಹಿ’ಯ ಹೆಸರು ಹುಟ್ಟಿದ ಬಗೆ ಬೇರೆ. ಕುಂದಾಪುರದ ಜಾನಕಿ ಬೆಂಗಳೂರಿನ ‘ಸುಧಾ’ ವಾರಪತ್ರಿಕೆಗೆ ಕತೆಯೊಂದನ್ನು ಕಳಿಸಿದರು. ಆಮೇಲೆ, ಅದು ನಡೆದ ಘಟನೆಯನ್ನೇ ಆಧರಿಸಿದ್ದೆಂಬ ಅಳುಕಿನಿಂದ, ಪ್ರಕಟಿಸಬೇಡಿ ಎಂದು ಬರೆದರು. ಸಂಪಾದಕರು ಕತೆಯನ್ನು ಬಿಡಲಿಲ್ಲ. ಹೆಸರು ಬದಲಿಸಿ ‘ವೈದೇಹಿ’ ಎಂದು ಅಚ್ಚು ಹಾಕಿದರು. ಜಾನಕಿಯೂ ಸೀತೆ, ವೈದೇಹಿಯೂ ಸೀತೆ. ನಿಜವಾಗಿ ಬಚ್ಚಿಡಬೇಕಾಗಿ ಬಂದಾಗಲೂ ಕನ್ನಡದ ಸಂಪಾದಕರಿಗೆ ತೋಚಿದ್ದು ಪರ್ಯಾಯಪದ! ಮಾಸ್ತಿಯವರ ಜಾಡೇ ಇದು. 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಆ ಹೆಸರಿಗೇ.

ಕುಳಕುಂದ ಶಿವರಾಯರು (1924–1992) ‘ನಿರಂಜನ’ರಾದ ಮೇಲೆ ಹಿಂದಿನ ಹೆಸರು ಪರಿಚಯಲೇಖನಗಳಲ್ಲಿ ಮಾತ್ರ ಉಳಿಯಿತು. ಕಾಸರಗೋಡು ಸೀಮೆಯ ಕಯ್ಯೂರಿನ ರೈತರ ಹೋರಾಟವನ್ನು ‘ಚಿರಸ್ಮರಣೆ’ಯಲ್ಲಿ (1955) ಬರೆದವರು, ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶವನ್ನೂ 25 ಸಂಪುಟಗಳ ‘ವಿಶ್ವಕಥಾಕೋಶ’ವನ್ನೂ ಸಂಪಾದಿಸಿದವರು. ಅವರ ಕೈಹಿಡಿದ ವೈದ್ಯೆ ವೆಂಕಟಲಕ್ಷ್ಮಿ ‘ಅನುಪಮಾ’ ಎಂಬ ಹೆಸರಿಟ್ಟುಕೊಂಡು ಅನುಪಮಾ ನಿರಂಜನರಾದರು. ಎರಡು ಕಾವ್ಯನಾಮಗಳು ಕೂಡಿ ಒಂದು ಹೆಸರು. ಮಗಳು ತೇಜಸ್ವಿನಿ ನಿರಂಜನ ವಿದ್ವಾಂಸೆಯಾಗಿ, ಅನುವಾದಕಿಯಾಗಿ ಹೆಸರಾದದ್ದು ಆ ಹೆಸರನ್ನೇ ಹೊತ್ತು. ತಂದೆ ಬರೆಹಕ್ಕೆಂದು ಇಟ್ಟುಕೊಂಡದ್ದು ಮಕ್ಕಳಿಗೆ ಮನೆತನದ ಹೆಸರಾಯಿತು.

ಹೆಸರೇ ಇಲ್ಲದೆ ಬರೆಯುವುದು ಬೇರೆಯೇ ವಿಷಯ. ಅದಕ್ಕೆ ಸರ್ಕಾರಿ ಕಚೇರಿಗಳಲ್ಲಿ ‘ಮೂಗರ್ಜಿ’ ಎಂಬ ಅಂದದ ಮಾತಿದೆ. ಮೂಗನ ಅರ್ಜಿ. ಮಾತೆಲ್ಲ ಇದೆ, ಬಾಯಿ ಯಾರದೆಂದು ತಿಳಿಯದು.

ಸಿನಿಮಾದವರ ಹೆಸರುಗಳನ್ನು ಕಾವ್ಯನಾಮದ ಸಾಲಿಗೆ ಸೇರಿಸುವುದು ಕಷ್ಟ, ಅಲ್ಲಿ ಹೆಸರಿಡುವವರು ನಿರ್ದೇಶಕರು. ಮುತ್ತುರಾಜರನ್ನು ‘ಬೇಡರ ಕಣ್ಣಪ್ಪ’ದಲ್ಲಿ (1954) ಎಚ್.ಎಲ್.ಎನ್. ಸಿಂಹ ರಾಜಕುಮಾರ್ ಮಾಡಿದರು. ಹನುಮಂತನಗರದಲ್ಲಿ ಬೆಳೆದು, ಗವಿಪುರದ ಸರ್ಕಾರಿ ಶಾಲೆಯಲ್ಲೂ ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲೂ ಓದಿ, ಬಿಟಿಎಸ್ ಬಸ್ಸಿನಲ್ಲಿ ಟಿಕೆಟ್ ಹರಿದ ಶಿವಾಜಿರಾವ್ ಗಾಯಕವಾಡರಿಗೆ ಮದ್ರಾಸಿನಲ್ಲಿ ಕೆ. ಬಾಲಚಂದರ್ ರಜನೀಕಾಂತ್ ಎಂದು ಹೆಸರಿಟ್ಟರು. ಮಾಸ್ತಿಯವರ ಗವಿಪುರದಲ್ಲೇ ಓಡಾಡಿದ ಹುಡುಗ. ಇಲ್ಲಿ ಮಾತ್ರ ಹೊಸ ಹೆಸರಿನಲ್ಲಿ ಹಳೆಯದರ ಒಂದಕ್ಷರವೂ ಉಳಿಯಲಿಲ್ಲ.

ಕ್ಯಾಟಲಾಗು ಮತ್ತು ಕಾನೂನು

ಕಾವ್ಯನಾಮಗಳಿಂದ ದಿನನಿತ್ಯ ಪೇಚಿಗೆ ಸಿಕ್ಕುವವರು ಗ್ರಂಥಪಾಲಕರು. ಕಾರ್ಡುಗಳ ಕಾಲದಲ್ಲಿ ಹಳೆಯ ಗ್ರಂಥಾಲಯಗಳ ಮರದ ಡ್ರಾಯರು ಎಳೆದರೆ, ಅಂಚು ಕಂದಿದ ಕಾರ್ಡಿನಲ್ಲಿ ‘ಶ್ರೀನಿವಾಸ’ ಎಂದಿದ್ದು, ಅದರ ಕೆಳಗೆ ‘ನೋಡಿ: ಮಾಸ್ತಿ ವೆಂಕಟೇಶ ಅಯ್ಯಂಗಾರ್’ ಎಂಬ ಸೂಚನೆಯಿರುತ್ತಿತ್ತು. ಆ ಡ್ರಾಯರು ಮುಚ್ಚಿ ಇನ್ನೊಂದನ್ನು ಎಳೆಯಬೇಕು. ನಿರಂಜನರ ವಿಷಯದಲ್ಲಿ ಬಾಣ ತಿರುಗುಮುರುಗು: ‘ಶಿವರಾವ್, ಕುಳಕುಂದ. ನೋಡಿ: ನಿರಂಜನ’. ಯಾವ ಹೆಸರು ಯಾವ ಹೆಸರಿನ ಕಡೆ ಕೈತೋರಿಸುತ್ತದೆ ಎಂಬುದರಲ್ಲೇ ಓದುಗರ ತೀರ್ಮಾನ ಏನೆಂದು ತಿಳಿಯುತ್ತಿತ್ತು.

1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ 23ನೇ ಕಲಮು ಹೆಸರಿಲ್ಲದ ಮತ್ತು ಬೇರೆ ಹೆಸರಿನಲ್ಲಿ ಬಂದ ಕೃತಿಗಳನ್ನು ಕುರಿತದ್ದು. ಅಂಥ ಕೃತಿಯ ಹಕ್ಕು ಅದು ಮೊದಲು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. ಆದರೆ ಆ ಅವಧಿ ಮುಗಿಯುವುದರೊಳಗೆ ಲೇಖಕರು ಯಾರೆಂದು ಬಹಿರಂಗವಾದರೆ ಲೆಕ್ಕ ಬದಲಾಗಿ, ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಎಣಿಸಬೇಕು. ಮೊದಲಿಗೆ ಎರಡೂ ಕಡೆ 50 ವರ್ಷವಿತ್ತು, 1992ರ ತಿದ್ದುಪಡಿಯಲ್ಲಿ 60 ಆಯಿತು. ಕಾಯಿದೆಯ ಕಣ್ಣಿನಲ್ಲಿ ಸ್ಯೂಡೊನಿಮ್ ಎಂದರೆ ಇನ್ನೂ ಬಿಡಿಸದ ಒಗಟು. ಬಿಡಿಸಿದ ಕೂಡಲೇ ಅದು ಮಾಮೂಲು ಹೆಸರು. ಹಾಗೆ ನೋಡಿದರೆ ಕನ್ನಡದ ಕಾವ್ಯನಾಮಗಳಲ್ಲಿ 23ನೇ ಕಲಮಿನೊಳಗೆ ನಿಲ್ಲುವಂಥವು ತೀರಾ ಕಡಿಮೆ. ‘ಶ್ರೀನಿವಾಸ’ರೂ ಅಲ್ಲಿ ನಿಲ್ಲುವುದಿಲ್ಲ. ಮಾಸ್ತಿಯವರು ತೀರಿಕೊಂಡದ್ದು 1986ರ ಜೂನ್ 6ರಂದು. ಅವರು ಬದುಕಿದ್ದಾಗ ಆ ಹೆಸರಿನಲ್ಲಿ ಪ್ರಕಟವಾದ ಕತೆಗಳ ಹಕ್ಕು 2046ರ ಡಿಸೆಂಬರ್ 31ರವರೆಗೆ ಅವರ ವಾರಸುದಾರರದು, 2047ರ ಜನವರಿ 1ರಿಂದ ಎಲ್ಲರದು.